ತಾರಿಹಾಳದಲ್ಲಿ ಕಾಫಿ ಗಿಡ

ಹುಬ್ಬಳ್ಳಿ ಕಡೆಯ ನಮಗೂ ಕಾಫಿಗೂ ಅಷ್ಟಕ್ಕಷ್ಟೆ. ಮನೆಗೆ ಯಾರೇ ಬರಲಿ, ‘ಒಂದ್ ಕಪ್ ಚಾ ಕುಡದ್ ಹೋಗ್ರಿ’ ಅನ್ನುವುದು ನಮ್ಮ ರೂಢಿ. ಕಾಫಿ ಎಂದರೆ ಮದುವೆಯ ಮನೆಯಲ್ಲೋ, ಉಡುಪಿ ಹೋಟೆಲಿನಲ್ಲೋ ಸಿಗುವ ವಸ್ತು. ಹೀಗಿರುವಾಗ ತಾರಿಹಾಳದ ಎರಿ ಮಣ್ಣಿನ ಊರಲ್ಲಿ, ಕೈಗಾರಿಕಾ ಪ್ರದೇಶದ ಶೆಡ್ಡುಗಳ ಸದ್ದಿನ ನಡುವೆ, ನಮ್ಮ ಶಾಲೆಯ ಹಿತ್ತಲಲ್ಲಿ ಕಾಫಿ ಗಿಡ ಇದೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಆ ಗಿಡದ ಹಿಂದೆ ಒಂದು ಪ್ರವಾಸವಿದೆ, ಆ ಪ್ರವಾಸದ ಹಿಂದೆ ನಾನು ಮಾಡಿದ ಒಂದು ತಪ್ಪು ಇದೆ. ತಪ್ಪಿನಿಂದಲೇ ಆರಂಭಿಸುತ್ತೇನೆ.

2022ರ ಜುಲೈ ತಿಂಗಳು. ಎಂಟನೆಯ ತರಗತಿಯ ಮಕ್ಕಳಿಗೆ ಬೀಜ ಮೊಳೆಯುವ ಚಟುವಟಿಕೆ ಕೊಡಬೇಕಿತ್ತು. ಪ್ರತಿ ವರ್ಷ ಅವರೆ, ಹೆಸರು, ಕಡಲೆ ಕೊಟ್ಟು ನನಗೇ ಬೇಸರ ಬಂದಿತ್ತು. ಈ ಸಲ ಹೊಸತೇನಾದರೂ ಇರಲಿ ಎಂದು ಹುಬ್ಬಳ್ಳಿಯ ಕಾಫಿ ಪುಡಿ ಅಂಗಡಿಯೊಂದರಿಂದ ಹುರಿಯದ ಬೀಜ ಅರ್ಧ ಕಿಲೋ ತಂದೆ. ಒಬ್ಬೊಬ್ಬರಿಗೆ ಐದೈದು ಬೀಜ, ಒಂದೊಂದು ಪ್ಲಾಸ್ಟಿಕ್ ಲೋಟ. ಮೂರು ವಾರ ನೀರು ಹಾಕಿ, ನೋಡಿದ್ದನ್ನು ಬರೆದು ತರಬೇಕು, ಹತ್ತು ಅಂಕ.

ಮೂರು ವಾರದ ಮೇಲೆ ಪುಸ್ತಕಗಳು ಬಂದವು. ಹೆಚ್ಚು ಕಡಿಮೆ ಎಲ್ಲರ ಬೀಜವೂ ಮೊಳೆತಿತ್ತು! ಚಿತ್ರಗಳೂ ಚೆಂದವಾಗಿದ್ದವು. ಒಬ್ಬ ಹುಡುಗಿ ಮಾತ್ರ ಎರಡೇ ಸಾಲು ಬರೆದಿದ್ದಳು: ಐದರಲ್ಲಿ ಒಂದೂ ಮೊಳೆಯಲಿಲ್ಲ, ಹನ್ನೆರಡನೆಯ ದಿನ ಬೂಷ್ಟು ಬಂತು. ಚಿತ್ರದಲ್ಲಿ ಬೂಷ್ಟು ಹಿಡಿದ ಐದು ಬೀಜಗಳು. ನಾನು ಉಳಿದವರಿಗೆ ಎಂಟು, ಒಂಬತ್ತು ಕೊಟ್ಟೆ. ಈ ಹುಡುಗಿಗೆ ನಾಲ್ಕು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಸರಿಯಾಗಿ ನೀರು ಹಾಕಿಲ್ಲ’ ಎಂದು ಬರೆದದ್ದೂ ನೆನಪಿದೆ. ಅವಳು ಒಮ್ಮೆ ಬಂದು, ‘ದಿನಾ ಹಾಕೇನ್ರಿ ಸರ’ ಎಂದಳು. ನಾನು ಪುಸ್ತಕ ವಾಪಸು ಕೊಟ್ಟು ಕಳಿಸಿದೆ.

ಅದೇ ಹುಡುಗಿ ಕೆಲವು ದಿನಗಳ ನಂತರ ತರಗತಿಯಲ್ಲಿ ಕೇಳಿದ ಪ್ರಶ್ನೆ: ‘ಸರ, ಕಾಫಿ ಚಿಕ್ಕಮಗಳೂರಾಗ ಬೆಳೀತದ, ನಮ್ಮೂರಾಗ ಯಾಕ ಬೆಳಿಯೂದಿಲ್ರಿ?’ ‘ಅಲ್ಲಿಯ ಹವಾ ಬ್ಯಾರೆ’ ಎಂದೆ. ಇಪ್ಪತ್ತೈದು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ‘ಎಷ್ಟು ಬ್ಯಾರೆರಿ?’ ಎಂದಳು. ಉತ್ತರ ನನ್ನಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿಯತನಕ ನಾನು ಕಾಫಿ ಗಿಡವನ್ನು ಕಣ್ಣಿಂದ ನೋಡಿರಲಿಲ್ಲ. ಬಿ.ಎಸ್ಸಿ.ಯಲ್ಲಿ ರೂಬಿಯೇಸೀ ಕುಟುಂಬವನ್ನು ಓದಿದ್ದು ಕೇಪಳ ಹೂವಿನ ಮೂಲಕ.

ಹಾಗೆ ಹುಟ್ಟಿತು ಆ ವರ್ಷದ ಶೈಕ್ಷಣಿಕ ಪ್ರವಾಸ. ಬಿ.ಎಡ್. ಓದುವಾಗಿನ ಗೆಳೆಯರೊಬ್ಬರ ಭಾವ ಬಾಬಾಬುಡನ್‌ಗಿರಿಯ ತಪ್ಪಲಿನ ಒಂದು ತೋಟದಲ್ಲಿ ರೈಟರ್. ಡಿಸೆಂಬರಿನಲ್ಲಿ ಬನ್ನಿ, ಹಣ್ಣು ಕುಯ್ಲು ನಡೆದಿರುತ್ತದೆ ಎಂದರು. ಹತ್ತೊಂಬತ್ತು ಮಕ್ಕಳು, ಇಬ್ಬರು ಶಿಕ್ಷಕರು, ಒಬ್ಬ ಶಿಕ್ಷಕಿ. ಬೆಳಗಿನ ರೈಲು ಹಿಡಿದು ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ ದಾಟಿ ಕಡೂರಿನಲ್ಲಿ ಇಳಿದೆವು. ಮಕ್ಕಳ ಮುಖ ಸಪ್ಪಗಾಯಿತು. ಒಬ್ಬ ಹೇಳಿಯೇ ಬಿಟ್ಟ: ‘ಸರ, ಇದು ನಮ್ಮೂರಗತೆನೇ ಐತಲ್ರಿ!’

ಅವನ ಮಾತು ಸರಿ. ಕಡೂರು ಚಿಕ್ಕಮಗಳೂರು ಜಿಲ್ಲೆಯದೇ ತಾಲ್ಲೂಕು, ಆದರೆ ಅಪ್ಪಟ ಬಯಲುಸೀಮೆ. ರಾಗಿ, ತೆಂಗು, ಜಾಲಿ. ಪಶ್ಚಿಮದಿಂದ ಬರುವ ಮೋಡಗಳು ಗಿರಿಶ್ರೇಣಿಯ ಆ ಕಡೆಯೇ ಬಹುಪಾಲು ನೀರು ಸುರಿದು ಹಗುರಾಗುತ್ತವೆ. ಈ ಕಡೆಗೆ ಬರುವುದು ಉಳಿದದ್ದು. ಮಳೆಯ ನೆರಳಿನ ಪ್ರದೇಶ ಎಂದು ಪಾಠದಲ್ಲಿ ಬರುವುದಲ್ಲ, ಅದು ಇದೇ. ಕಡೂರಿನಿಂದ ಚಿಕ್ಕಮಗಳೂರಿಗೆ ಸುಮಾರು ನಲವತ್ತು ಕಿಲೋಮೀಟರು. ಸಖರಾಯಪಟ್ಟಣದ ಹತ್ತಿರ ಬಲಗಡೆ ಗಿರಿಯ ಸಾಲು ನೀಲಿಯಾಗಿ ಏಳುತ್ತದೆ. ಒಂದೇ ಜಿಲ್ಲೆಯಲ್ಲಿ, ಒಂದೇ ಮಧ್ಯಾಹ್ನ, ಜಾಲಿಯಿಂದ ಕಾಫಿಗೆ ಹೋಗಬಹುದು. ಭೂಗೋಳದ ಪುಸ್ತಕದ ಹತ್ತು ಪುಟ ಆ ಬಸ್ಸಿನ ಕಿಟಕಿಯಲ್ಲಿ ಮಕ್ಕಳಿಗೆ ಕಂಡವು.

ಮಕ್ಕಳ ಕೈಯಲ್ಲಿ ಪ್ರಯೋಗಾಲಯದ ಎರಡು ಉಷ್ಣಮಾಪಕಗಳಿದ್ದವು. ಮರುದಿನ ಕೈಮರ ದಾಟಿ ಗಿರಿ ಏರುವಾಗ ಒಬ್ಬ ಹುಡುಗ ನಿನ್ನೆ ಕಡೂರಿನ ಮಧ್ಯಾಹ್ನಕ್ಕೂ ಇಂದಿನ ಗಿರಿಯ ಬೆಳಿಗ್ಗೆಗೂ ಹೋಲಿಸಿ ವ್ಯತ್ಯಾಸ ಬರೆಯತೊಡಗಿದ. ಅದು ಸರಿಯಲ್ಲ ಎಂದು ತಡೆದವಳು ಅದೇ ಹುಡುಗಿ. ಹೊತ್ತು ಒಂದೇ ಇರಬೇಕು ಎಂದಳು. ಸರಿ, ಮಧ್ಯಾಹ್ನ ಮೂರು ಗಂಟೆಗೆ ಮೊಬೈಲು 1,800 ಮೀಟರ್ ಎತ್ತರ ತೋರಿಸುತ್ತಿದ್ದ ಒಂದು ತಿರುವಿನಲ್ಲಿ ನಿಂತು, ನೆರಳಲ್ಲಿ ಉಷ್ಣಮಾಪಕ ಹಿಡಿದೆವು: ಇಪ್ಪತ್ತೂವರೆ ಡಿಗ್ರಿ. ಅದೇ ಹೊತ್ತಿಗೆ ತಾರಿಹಾಳದಲ್ಲಿದ್ದ ಸಹೋದ್ಯೋಗಿಗೆ ಫೋನು ಮಾಡಿದೆವು. ಅವರು ಶಾಲೆಯ ವರಾಂಡದಲ್ಲಿ ನೋಡಿ ಇಪ್ಪತ್ತೆಂಟೂವರೆ ಎಂದರು. ಎಂಟು ಡಿಗ್ರಿ ವ್ಯತ್ಯಾಸ. ಸಾವಿರ ಮೀಟರ್ ಏರಿದರೆ ವಾತಾವರಣದ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದು ನಿಯಮ. ನಮ್ಮೂರು ಸುಮಾರು 650 ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ ಏಳೂವರೆ ಡಿಗ್ರಿ ಬರಬೇಕು. ಅರ್ಧ ಡಿಗ್ರಿ ಆಚೀಚೆ. ಎರಡು ಹಳೆಯ ಉಷ್ಣಮಾಪಕಗಳಿಗೆ ಇದಕ್ಕಿಂತ ಹೆಚ್ಚು ಕೇಳಬಾರದು. ‘ಎಷ್ಟು ಬ್ಯಾರೆ’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಗಿರಿಯ ಮೇಲೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಗುಹೆಯಿದೆ. ಬಾಬಾ ಬುಡನ್ ಎಂಬ ಸೂಫಿ ಸಂತರು ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರು, ಅದು 1670ರ ಸುಮಾರು, ಎಂಬುದು ಬಾಯಿಂದ ಬಾಯಿಗೆ ಬಂದ ಕಥೆ. ಅರಬರು ಮೊಳೆಯುವ ಬೀಜ ಹೊರಗೆ ಹೋಗಲು ಬಿಡುತ್ತಿರಲಿಲ್ಲ, ಆದ್ದರಿಂದ ಬಚ್ಚಿಟ್ಟು ತಂದರು ಎನ್ನುತ್ತಾರೆ. ಏಳೇ ಏಕೆ ಎಂದು ಮಕ್ಕಳು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಏಳು ಸಾಕಾಗುತ್ತಿತ್ತೆ ಎಂಬುದಕ್ಕೆ ಉತ್ತರವಿದೆ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾ ಮತ್ತು ರೊಬಸ್ಟಾ. ರೊಬಸ್ಟಾದ ಹೂವು ತನ್ನದೇ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಇನ್ನೊಂದು ಗಿಡ ಬೇಕೇ ಬೇಕು. ಅರೇಬಿಕಾ ಹಾಗಲ್ಲ, ತನ್ನ ಪರಾಗದಿಂದಲೇ ಫಲ ಕಟ್ಟುತ್ತದೆ; ಬೀಜದಿಂದ ಬಂದ ಗಿಡವೂ ಬಹುಮಟ್ಟಿಗೆ ತಾಯಿಯಂತೆಯೇ ಇರುತ್ತದೆ. ಏಳು ಬೀಜದಲ್ಲಿ ಆರು ಸತ್ತು ಒಂದೇ ಗಿಡ ಬದುಕಿದ್ದರೂ ತೋಟ ಆಗುತ್ತಿತ್ತು!

ಅರೇಬಿಕಾ ಎಂಬ ಹೆಸರು ಕೊಟ್ಟವನು ಲಿನೇಯಸ್, 1753ರಲ್ಲಿ. ಅರೇಬಿಯದ ಗಿಡವೆಂದು ಅವನು ತಿಳಿದಿದ್ದ. ನಿಜವಾದ ತವರು ಕೆಂಪು ಸಮುದ್ರದ ಆಚೆ, ಇಥಿಯೋಪಿಯದ ನೈಋತ್ಯ ಭಾಗದ ಬೆಟ್ಟಗಾಡು. ಅಲ್ಲಿ ಅದು ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ನಿತ್ಯಹಸುರಿನ ಪೊದೆ. ಉಷ್ಣವಲಯದ ಗಿಡವಾದರೂ ಬಿಸಿಲು ಆಗದು, ಮಂಜುಗಡ್ಡೆ ಬೀಳುವ ಚಳಿಯೂ ಆಗದು. ಹದಿನೈದರಿಂದ ಇಪ್ಪತ್ತೈದು ಡಿಗ್ರಿಯ ತಂಪು ಇದ್ದರೆ ಸುಖ. ಅದಕ್ಕೇ ನಮ್ಮಲ್ಲಿ ಅರೇಬಿಕಾ 1,000ದಿಂದ 1,500 ಮೀಟರ್ ಎತ್ತರದಲ್ಲಿ ನೆಲೆಯಾಗಿದೆ. ರೊಬಸ್ಟಾ ಅದಕ್ಕಿಂತ ಕೆಳಗೆ. ಗಿರಿಯ ಸುತ್ತಿನ ಅರೇಬಿಕಾಕ್ಕೆ ‘ಬಾಬಾಬುಡನ್‌ಗಿರೀಸ್ ಅರೇಬಿಕಾ’ ಎಂದು 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ.

ತೋಟಕ್ಕೆ ಹೋದಾಗ ಹೆಂಗಸರು ಹಣ್ಣು ಬಿಡಿಸುತ್ತಿದ್ದರು. ಮೇಲೆ ಸಿಲ್ವರ್ ಓಕ್, ಹಾಲವಾಣ, ಕಾಡುಮರಗಳು. ಅವುಗಳ ಮೇಲೆ ಹಬ್ಬಿದ ಮೆಣಸಿನ ಬಳ್ಳಿ. ಕೆಳಗೆ ಸೊಂಟದೆತ್ತರದ, ಹೊಳೆಯುವ ಕಡುಹಸಿರು ಎಲೆಯ ಕಾಫಿ. ಹಣ್ಣು ಕೆಂಪಗೆ, ನಮ್ಮ ಬಾರಿಹಣ್ಣಿನಷ್ಟು. ಬಾಯಿಗೆ ಹಾಕಿಕೊಂಡರೆ ತೆಳುವಾದ ಸಿಹಿ ತಿರುಳು. ಒಳಗೆ ಬೆನ್ನು ಉಬ್ಬಿದ, ಹೊಟ್ಟೆ ಚಪ್ಪಟೆಯಾದ ಎರಡು ಬೀಜ, ಹೊಟ್ಟೆಗೆ ಹೊಟ್ಟೆ ಹಚ್ಚಿ ಮಲಗಿದಂತೆ. ಮಾರ್ಚ್–ಏಪ್ರಿಲಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮಲ್ಲಿಗೆಯ ವಾಸನೆ ಎಂದು ರೈಟರು ಹೇಳಿದರು. ಅದನ್ನು ಹೂಮಳೆ ಎನ್ನುತ್ತಾರೆ. ಹೂಮಳೆ ತಪ್ಪಿದರೆ ವರ್ಷದ ಫಸಲು ತಪ್ಪಿದಂತೆ.

ಸಸಿಮಡಿಯ ಕೆಲಸ ನೋಡಿಕೊಳ್ಳುವ ಹಿರಿಯ ಹೆಂಗಸೊಬ್ಬರು ಬೀಜಕ್ಕೆಂದು ಗುರುತು ಮಾಡಿದ ಗಿಡಗಳ ಹಣ್ಣನ್ನು ಕೈಯಿಂದಲೇ ಹಿಸುಕಿ ಬಕೆಟಿನ ನೀರಿಗೆ ಹಾಕುತ್ತಿದ್ದರು. ತೇಲಿದ್ದು ಜೊಳ್ಳು, ಮುಳುಗಿದ್ದಕ್ಕೆ ಜರಡಿ ಹಿಡಿದ ಬೂದಿ ಸವರಿ ನೆರಳಿನಲ್ಲಿ ಹರವುವುದು. ಬಿಸಿಲು ತಾಗಿಸಬಾರದು. ಮೇಲಿನ ಬಿಳಿಯ ಸಿಪ್ಪೆ, ಅದಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ, ತೆಗೆಯಬಾರದು. ನಾಲ್ಕೈದು ದಿನಕ್ಕೆ ಬಿತ್ತನೆಗೆ ತಯಾರು. ನಾನು ಜಾಣನಂತೆ, ‘ನಾವೂ ಶಾಲೆಯಲ್ಲಿ ಬಿತ್ತಿದ್ದೆವು, ಅಂಗಡಿಯ ಬೀಜ’ ಎಂದೆ.

ಆಕೆ ಕೈ ನಿಲ್ಲಿಸಿ ನನ್ನನ್ನು ನೋಡಿದರು. ‘ಅಯ್ಯೋ ಮೇಷ್ಟ್ರೇ, ಅಂಗ್ಡಿ ಬೀಜ ಎಲ್ಲಾದ್ರೂ ಹುಟ್ಟುತ್ತಾ? ಅದು ಕಣದಲ್ಲಿ ಸುಟ್ಟು, ಮಿಲ್ಲಲ್ಲಿ ಸಿಪ್ಪೆ ಹೋಗಿ, ಸತ್ತು ವರ್ಷ ಆಗಿರುತ್ತೆ.’

‘ಮೂರು ವಾರ ನೋಡಿದೆವು…’

‘ಜೀವ ಇರೋ ಬೀಜಾನೇ ಒಂದೂವರೆ ತಿಂಗಳು ತಗೊಳ್ಳುತ್ತೆ.’

ಮಕ್ಕಳು ಸುಮ್ಮನೆ ನಿಂತಿದ್ದರು. ಯಾರೂ ನಗಲಿಲ್ಲ. ಹುಡುಗಿ ನೆಲ ನೋಡುತ್ತಿದ್ದಳು. ಹತ್ತೊಂಬತ್ತು ಮಕ್ಕಳಲ್ಲಿ ಹೆಚ್ಚಿನವರು ‘ಮೊಳೆಯಿತು’ ಎಂದು ಬರೆದವರೇ. ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ಆ ರಾತ್ರಿ ವಸತಿಗೃಹದಲ್ಲಿ ನಿದ್ದೆ ಹತ್ತಲಿಲ್ಲ. ಸತ್ತ ಬೀಜ ಕೊಟ್ಟವನು ನಾನು. ಬದುಕಿದ್ದರೂ ಸಾಲದಷ್ಟು ದಿನ ಕೊಟ್ಟವನು ನಾನು. ಸತ್ತದ್ದನ್ನು ಸತ್ತಿದೆ ಎಂದವಳಿಗೆ ನಾಲ್ಕು ಅಂಕ. ಅವರೆಕಾಳಿನ ಮೊಳಕೆಯ ಚಿತ್ರಕ್ಕೆ ಕಾಫಿಯ ಹೆಸರು ಬರೆದವರಿಗೆ ಒಂಬತ್ತು. ಚಿತ್ರ ನೋಡಿದ ಕೂಡಲೇ ನನಗೆ ತಿಳಿಯಬೇಕಿತ್ತು. ಏಕೆಂದರೆ ಅವರೆಯಲ್ಲಿ ಆಹಾರ ತುಂಬಿರುವುದು ದಪ್ಪನೆಯ ಬೀಜದಳಗಳಲ್ಲಿ. ಕಾಫಿಯಲ್ಲಿ ನಾವು ಹುರಿದು ಪುಡಿ ಮಾಡುವ ಗಟ್ಟಿ ಭಾಗ ಬೀಜದಳವಲ್ಲ, ಭ್ರೂಣಕ್ಕೆಂದು ಕೂಡಿಟ್ಟ ಬುತ್ತಿ. ಭ್ರೂಣ ಅದರ ಒಂದು ತುದಿಯಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಎಳೆ. ಅದು ಒಣಗಿ ಸತ್ತರೂ ಕಾಳು ನೋಡಲು ಹಾಗೆಯೇ ಇರುತ್ತದೆ, ಕಾಫಿಯ ರುಚಿಗೂ ಕೊರತೆಯಿಲ್ಲ. ಗೋಧಿ, ಜೋಳದ ಬೀಜ ಒಣಗಿದಷ್ಟೂ ಬಾಳಿಕೆ ಹೆಚ್ಚು; ಕಾಫಿ ಬೀಜವನ್ನು ಸಾಮಾನ್ಯವಾಗಿ ಇಟ್ಟರೆ ಆರು ತಿಂಗಳೊಳಗೆ ಮೊಳೆಯುವ ಶಕ್ತಿ ಹೋಗುತ್ತದೆ. ಬಾಬಾ ಬುಡನ್ ಅವರ ಏಳು ಬೀಜ ಹಡಗಿನಲ್ಲಿ ಬಂದು ಗಿರಿ ಏರುವಷ್ಟರಲ್ಲಿ ಆ ಗಡುವಿನೊಳಗೇ ಇದ್ದಿರಬೇಕು.

ಹೊರಡುವಾಗ ರೈಟರು ಒಂದು ಪೊಟ್ಟಣದಲ್ಲಿ ನೂರು ಬೀಜ ಕೊಟ್ಟರು. ‘795’ ಎಂದರು. ಈ ಅಂಕಿಯ ಹಿಂದೆಯೂ ಕಥೆಯಿದೆ. ಕೆಲವೇ ಬೀಜಗಳಿಂದ ಹರಡಿದ ಬೆಳೆಯೆಂದರೆ ಒಂದೇ ಮನೆಯ ಮಕ್ಕಳಿದ್ದಂತೆ. ಒಬ್ಬರಿಗೆ ಬಂದ ರೋಗ ಎಲ್ಲರಿಗೂ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿದ ಎಲೆತುಕ್ಕು ರೋಗ ಅಲ್ಲಿಯ ಕಾಫಿಯನ್ನು ನೆಲಕ್ಕೆ ಹಚ್ಚಿತು, ಸಿಂಹಳ ಚಹಾದ ದೇಶವಾಯಿತು. ರೋಗ ನಮ್ಮ ತೋಟಗಳಿಗೂ ಬಂತು. 1911ರ ಸುಮಾರಿಗೆ ಮೈಸೂರು ಸೀಮೆಯ ಕೆಂಟ್ ಎಂಬ ಪ್ಲಾಂಟರ್ ತನ್ನ ತೋಟದಲ್ಲಿ ರೋಗಕ್ಕೆ ತಡೆದು ನಿಂತ ಗಿಡವೊಂದನ್ನು ಗುರುತಿಸಿ ಅದರ ಬೀಜ ಬೆಳೆಸಿದ. ಆಗಿನ ಮೈಸೂರು ಸರಕಾರ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿ, 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಯಮ್ಮಾಗಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು, ಡಾ. ಕೋಲ್ಮನ್ ಅದರ ಹಿಂದಿದ್ದ ವಿಜ್ಞಾನಿ. ಅಲ್ಲಿ ಕೆಂಟ್ಸ್ ತಳಿಯನ್ನು ಇನ್ನೊಂದರೊಡನೆ ಕೂಡಿಸಿ 1940ರ ದಶಕದಲ್ಲಿ ಬಿಡುಗಡೆ ಮಾಡಿದ್ದು ಈ 795. ಇಂದಿಗೂ ಬೆಳೆಗಾರರು ಕೈಬಿಟ್ಟಿಲ್ಲ. ಬಾಳೆಹೊನ್ನೂರಿಗೆ ಹೋಗಲು ನಮಗೆ ಹೊತ್ತು ಸಾಲಲಿಲ್ಲ, ಅದೊಂದು ಉಳಿಯಿತು.

ಊರಿಗೆ ಬಂದ ಮೇಲೆ ಮೊದಲ ಕೆಲಸ ಅಂಕಪಟ್ಟಿಯದು. ತರಗತಿಯಲ್ಲಿ ಹುಡುಗಿಯ ಪುಸ್ತಕ ತರಿಸಿ ಕೆಂಪು ಶಾಯಿಯ ಸಾಲನ್ನು ಹೊಡೆದುಹಾಕಿದೆ, ನಾಲ್ಕನ್ನು ಹತ್ತು ಮಾಡಿ ರುಜು ಹಾಕಿದೆ. ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿದೆ. ಉಳಿದವರನ್ನು ಬಯ್ಯಲಿಲ್ಲ, ‘ಯಾಕ ಹಂಗ ಬರದ್ರಿ?’ ಎಂದಷ್ಟೇ ಕೇಳಿದೆ. ಬಹಳ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ‘ಮೊಳಿಲಿಲ್ಲ ಅಂತ ಬರದ್ರ ಮಾರ್ಕ್ಸ್ ಹೋಗ್ತಾವಂತ ಗೊತ್ತಿತ್ರೀ ಸರ. ಆಕಿಗೆ ಹೋದ್ವಲ್ರಿ.’ ಅದಕ್ಕೆ ನಾನು ಏನು ಹೇಳಲಿ? ಪಾಲಕರೂ ಇದನ್ನು ಓದುತ್ತಿರಬಹುದು. ಮಕ್ಕಳ ಪ್ರಾಜೆಕ್ಟ್ ಪುಸ್ತಕಕ್ಕೆ ರಾತ್ರಿ ಕುಳಿತು ಚಿತ್ರ ಬರೆದು ಕೊಡುವವರು ಅವರಲ್ಲೂ ಇದ್ದಾರೆ, ನನಗೆ ಗೊತ್ತು.

2023ರ ಜನವರಿ ಮೊದಲ ವಾರ ಬಿತ್ತಿದೆವು. ನಮ್ಮ ಎರಿ ಮಣ್ಣು ಕಾಫಿಗೆ ಆಗದು. ಅದು ಕ್ಷಾರಗುಣದ್ದು, ಮಳೆಗಾಲದಲ್ಲಿ ಜಿಗುಟು, ಬೇಸಿಗೆಯಲ್ಲಿ ಬಿರುಕು. ಕಾಫಿಗೆ ಸ್ವಲ್ಪ ಹುಳಿಯ, ನೀರು ಬಸಿಯುವ ಮಣ್ಣು ಬೇಕು. ಧಾರವಾಡದ ಕಡೆಯಿಂದ ಮಸಾರಿ ಮಣ್ಣು ತರಿಸಿ, ತಿಪ್ಪೆಗೊಬ್ಬರ, ಮರಳು ಕೂಡಿಸಿದೆವು. ಬೀಜದ ಚಪ್ಪಟೆ ಹೊಟ್ಟೆ ಕೆಳಗೆ, ಬೆನ್ನು ಮೇಲೆ. ಮೇಲೆ ತೆಳುವಾಗಿ ಮಣ್ಣು, ಅದರ ಮೇಲೆ ಭತ್ತದ ಹುಲ್ಲು. ಹುಲ್ಲಿನ ಮೇಲೆ ದಿನಕ್ಕೆ ಎರಡು ಸಲ ನೀರು. ಒಂದು ತಿಂಗಳಾಯಿತು, ಏನೂ ಇಲ್ಲ. ನಲವತ್ತು ದಿನ, ಏನೂ ಇಲ್ಲ. ಈ ಸಲ ಯಾರೂ ಸುಳ್ಳು ಬರೆಯಲಿಲ್ಲ. ನಲವತ್ತೊಂಬತ್ತನೆಯ ದಿನ ಹುಲ್ಲು ಸರಿಸಿದರೆ ಬೆಂಕಿಕಡ್ಡಿಯಂಥ ದಂಟಿನ ತಲೆಯ ಮೇಲೆ ಬೀಜವನ್ನೇ ಹೊತ್ತುಕೊಂಡು ಎದ್ದಿತ್ತು ಮೊದಲ ಸಸಿ. ತೋಟದವರು ಇದನ್ನು ಟೋಪಿ ಎನ್ನುತ್ತಾರೆ. ಮುಂದೆ ಟೋಪಿ ಕಳಚಿ ಎರಡು ದುಂಡನೆಯ ಎಲೆ ಬಿಚ್ಚಿದಾಗ ಅದು ಚಿಟ್ಟೆ. ನೂರರಲ್ಲಿ ಅರವತ್ತೊಂದು ಎದ್ದವು. ಹಾಲಿನ ಪ್ಯಾಕೆಟ್ಟಿಗೆ ತೂತು ಹೊಡೆದು ನಾಟಿ ಮಾಡಿದೆವು.

ನಿಜವಾದ ಪರೀಕ್ಷೆ ಬಂದದ್ದು ಏಪ್ರಿಲಿನಲ್ಲಿ. ಮೂವತ್ತೇಳು ಡಿಗ್ರಿಯ ಬಿಸಿಲು, ಶಾಲೆಗೆ ರಜೆ, ನಳದ ನೀರು ದಿನ ಬಿಟ್ಟು ದಿನವೂ ಇಲ್ಲ. ನಿತ್ಯಹಸುರಿನ ಗಿಡಕ್ಕೆ ಇದೇ ತೊಂದರೆ. ತೇಗ, ಮುತ್ತುಗದಂಥವು ಬೇಸಿಗೆಗೆ ಎಲೆ ಉದುರಿಸಿ ಖರ್ಚು ಕಡಿಮೆ ಮಾಡಿಕೊಳ್ಳುತ್ತವೆ. ಕಾಫಿ ಹಾಗೆ ಮಾಡಲಾರದು, ಹನ್ನೆರಡು ತಿಂಗಳೂ ಎಲೆಗೆ ನೀರು ಒದಗಿಸಬೇಕು. ಗಿರಿಯ ತೋಟಗಳಿಗೆ ಸಾವಿರದ ಆರುನೂರು, ಎರಡು ಸಾವಿರ ಮಿಲಿಮೀಟರ್ ಮಳೆ. ನಮಗೆ ಎಂಟುನೂರರ ಒಳಗೆ. ಮಕ್ಕಳಿಗೆ ಒಂದು ಹಳೆಯ ಸಂಗತಿ ಹೇಳಿದ್ದೆ. ಡಚ್ಚರು ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡಾಮಿಗೆ ಒಂದು ಕಾಫಿ ಗಿಡ ಒಯ್ದು, ಹಿಮ ಬೀಳುವ ಊರಿನಲ್ಲಿ ಗಾಜಿನ ಮನೆಯಲ್ಲಿಟ್ಟು ಬೀಜ ಕಟ್ಟಿಸಿದರು. 1714ರಲ್ಲಿ ಒಂದು ಸಸಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಗೆ ಹೋಯಿತು. ಅವರು ಬಿಸಿ ಒದಗಿಸಿದರು, ನಾವು ತಂಪು ಒದಗಿಸಬೇಕು, ಅಷ್ಟೇ ವ್ಯತ್ಯಾಸ ಎಂದಿದ್ದೆ. ಅವರ ಹತ್ತಿರ ದೊರೆಯ ಬೊಕ್ಕಸವಿತ್ತು, ನಮ್ಮ ಹತ್ತಿರ ಗೋಣಿಚೀಲ. ಮಕ್ಕಳು ರಜೆಗೆ ಸಸಿಗಳನ್ನು ಮನೆಗೆ ಒಯ್ದರು.

ಜೂನಿನಲ್ಲಿ ಮರಳಿ ಬಂದದ್ದು ಹದಿನೇಳು. ಆದರೆ ಜೊತೆಗೆ ಒಂದು ಪಟ್ಟಿಯೂ ಬಂತು. ಆ ಹುಡುಗಿ ಮನೆಮನೆಗೆ ಹೋಗಿ ಬರೆದುಕೊಂಡಿದ್ದಳು: ಯಾರ ಮನೆ, ಸಸಿ ಯಾವ ದಿಕ್ಕಿಗೆ ಇತ್ತು, ಎಷ್ಟು ನೀರು, ಯಾವ ದಿನ ಸತ್ತಿತು. ತಗಡಿನ ಚಾವಣಿಯ ಮನೆಗಳ ಮುಂದೆ ಇಟ್ಟದ್ದು ಒಂದೂ ಉಳಿದಿರಲಿಲ್ಲ. ಉಳಿದವುಗಳಲ್ಲಿ ಹೆಚ್ಚಿನವು ಬಚ್ಚಲ ಹಿಂದೆ, ಪೇರಲ ಅಥವಾ ನುಗ್ಗಿ ಗಿಡದ ನೆರಳಲ್ಲಿ, ಒದ್ದೆ ಗೋಣಿಚೀಲ ಸುತ್ತಿದ ಕಡೆ ಇದ್ದವು. ಒದ್ದೆ ಚೀಲದ ನೀರು ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ, ನಮ್ಮ ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವ ಹಾಗೆ. ಪಟ್ಟಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಇಷ್ಟು ಪ್ರಾಮಾಣಿಕ ವರದಿ ನನ್ನ ಬಿ.ಎಸ್ಸಿ. ರೆಕಾರ್ಡ್ ಪುಸ್ತಕದಲ್ಲೂ ಇರಲಿಲ್ಲ.

ಈಗ ನಾಲ್ಕು ಗಿಡ ಇವೆ. ಮೂರು ಶಾಲೆಯ ಉತ್ತರದ ಗೋಡೆಯ ಬದಿಗೆ, ಹೊಂಗೆಯ ನೆರಳಿನಲ್ಲಿ. ಒಂದು ಆ ಹುಡುಗಿಯ ಮನೆಯ ಬಚ್ಚಲ ಹಿಂದೆ. ಮಧ್ಯೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಾಗ ಕೈಬಿಟ್ಟಿದ್ದೆವು; ಬೋರ್‌ವೆಲ್ಲಿನ ಗಡಸು ನೀರಿನಿಂದ ಕಬ್ಬಿಣದ ಕೊರತೆಯಾಗಿತ್ತು. ಮಳೆನೀರು ಹಿಡಿದು ಹಾಕಿದ ಮೇಲೆ ಚೇತರಿಸಿಕೊಂಡವು. 2025ರ ಏಪ್ರಿಲಿನಲ್ಲಿ ಒಂದು ದೊಡ್ಡ ಮಳೆಯಾದ ಒಂಬತ್ತನೆಯ ದಿನ ಶಾಲೆಯ ಒಂದು ಗಿಡದಲ್ಲಿ ನಾಲ್ಕು ಗೊಂಚಲು ಬಿಳಿ ಹೂವು. ವಾಸನೆ ರೈಟರು ಹೇಳಿದ ಹಾಗೆಯೇ ಇತ್ತು. ರಜೆಯ ದಿನ, ನೋಡಿದವರು ನಾನು ಮತ್ತು ಕಾವಲುಗಾರ ಇಬ್ಬರೇ.

ಹಣ್ಣು ಕೆಂಪಾದದ್ದು ಕಳೆದ ಡಿಸೆಂಬರಿನಲ್ಲಿ, ಒಟ್ಟು ಹನ್ನೊಂದು. ಹುಡುಗಿ ಈಗ ಹುಬ್ಬಳ್ಳಿಯಲ್ಲಿ ಪಿಯುಸಿ ಮೊದಲ ವರ್ಷ, ವಿಜ್ಞಾನ ವಿಭಾಗ. ಸುದ್ದಿ ಕೇಳಿ ಒಂದು ಭಾನುವಾರ ತಂದೆಯ ಜೊತೆ ಬಂದಳು. ಬಕೆಟಿಗೆ ನೀರು ತುಂಬಿ ಕೈಯಿಂದ ಹಿಸುಕಿದೆವು. ಒಂದು ಹಣ್ಣಿನಲ್ಲಿ ಎರಡರ ಬದಲು ಒಂದೇ ದುಂಡನೆಯ ಕಾಳು. ಒಟ್ಟು ಇಪ್ಪತ್ತೊಂದು ಬೀಜ, ಅದರಲ್ಲಿ ನಾಲ್ಕು ತೇಲಿದವು. ‘ಕಾಫಿ ಮಾಡಿ ಕುಡಿದ್ರ ಒಂದ್ ಕಪ್ಪೂ ಆಗೂದಿಲ್ಲ ನೋಡ್ರಿ’ ಎಂದು ಅವಳ ತಂದೆ ನಕ್ಕರು. ಹದಿನೇಳಕ್ಕೆ ಬೂದಿ ಸವರಿದೆವು. ಅವಳು ಎಂಟು ಒಯ್ದಳು, ಒಂಬತ್ತು ಶಾಲೆಗೆ. ಜನವರಿಯ ಮೊದಲ ವಾರ ಬಿತ್ತಿದ್ದೇವೆ. ಈಗಿನ ಎಂಟನೆಯ ತರಗತಿಯವರು ದಿನಾ ಹುಲ್ಲು ಸರಿಸಿ ನೋಡಿ, ‘ಇಲ್ಲ’ ಎಂದು ಬರೆಯುತ್ತಿದ್ದಾರೆ. ಇವತ್ತಿಗೆ ಇಪ್ಪತ್ತಮೂರು ದಿನ.